ಅಪ್ಪನ ಜಾವಾಕ್ಕೆ ಹೊಸ ಸೈಲೆನ್ಸರ್

ಹಿರಿಯರು ಬಿಟ್ಟುಹೋದ ವಸ್ತುಗಳಿಗೆ ನಮ್ಮ ಮನೆಗಳಲ್ಲಿ ಗೌರವದ ಒಂದು ಸ್ಥಾನವಿದೆ. ಅಜ್ಜಿಯ ಜಪಸರ, ತಾತನ ಗೋಡೆ ಗಡಿಯಾರ, ತಾಯಿಯ ಮದುವೆಯ ಪೆಟ್ಟಿಗೆ ಇವು ಬಳಕೆಗೆ ಬಾರದಿದ್ದರೂ ಯಾರೂ ಅವುಗಳನ್ನು ಹೊರಗೆಸೆಯುವುದಿಲ್ಲ. ಮೈಸೂರು ಸೀಮೆಯ ಅನೇಕ ಕುಟುಂಬಗಳಲ್ಲಿ ಇದೇ ಸಾಲಿಗೆ ಸೇರುವ ಮತ್ತೊಂದು ಆಸ್ತಿಯುಂಟು. ಹಿತ್ತಿಲ ಚಪ್ಪರದಡಿಯಲ್ಲೋ ಮೆಟ್ಟಿಲ ಕೆಳಗಿನ ಮೂಲೆಯಲ್ಲೋ ಹಳೆಯ ಜಮಖಾನ ಹೊದ್ದು ನಿಂತಿರುವ ಜಾವಾ ಅಥವಾ ಯೆಜ್ದಿ ಮೋಟಾರ್ ಸೈಕಲ್ಲೇ ಅದು.

ನಮ್ಮ ಮನೆಯಲ್ಲಿಯೂ ಅಂಥದೊಂದಿದೆ. 1969ರಲ್ಲಿ ನಮ್ಮ ತಂದೆಯವರು ಕೊಂಡ ಕಡುಗೆಂಪು ಬಣ್ಣದ ಜಾವಾ. ಭಾನುವಾರದ ಪೂಜೆಗೆಂದು ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ ನಾವು ಮಕ್ಕಳು ಹೋಗುತ್ತಿದ್ದುದು ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತೇ. ಅವರು ತೀರಿಕೊಂಡ ಮೇಲೆ ಗಾಡಿ ಹಲವು ವರ್ಷ ನಿಂತೇ ಇತ್ತು. ಮೊನ್ನೆ ಮಳೆಗಾಲ ಕಳೆದು ಹೊದಿಕೆಯನ್ನು ತೆಗೆದಾಗ ಎಡಗಡೆಯ ಸೈಲೆನ್ಸರ್ ತಳಭಾಗದಲ್ಲಿ ತುಕ್ಕು ತಿಂದು ಜರಡಿಯಂತಾಗಿತ್ತು. ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಗುಜರಿಗೆ ಹಾಕೋಣವೆಂದು ನಮ್ಮ ಅಣ್ಣನವರು ಹೇಳಿದರು. ಅವರ ಮಗ ಮಾತ್ರ ಒಪ್ಪಲಿಲ್ಲ. "ತಾತನ ಗಾಡಿ, ನಾನು ಓಡಿಸುತ್ತೇನೆ" ಎಂದ. ಅಲ್ಲಿಂದ ಮುಂದೆ ಒಂದು ಸೈಲೆನ್ಸರ್ ನಿಮಿತ್ತವಾಗಿ ನಾವು ಕಲಿತ ಪಾಠಗಳನ್ನು, ಮನೆಯಲ್ಲಿ ಇಂಥ ಗಾಡಿಯನ್ನು ಇಟ್ಟುಕೊಂಡಿರುವ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮೈಸೂರಿನ ಕಾರ್ಖಾನೆ

ಜಾವಾ ಮೂಲತಃ ಚೆಕೊಸ್ಲೊವಾಕಿಯಾ ದೇಶದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬವರು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಎರಡೆರಡು ಅಕ್ಷರಗಳನ್ನು ಜೋಡಿಸಿ ಜಾವಾ ಎಂದು ಹೆಸರಿಟ್ಟರು. ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಕುಟುಂಬದವರ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರಿಂದ ಉದ್ಘಾಟನೆಗೊಂಡಿತು. 1973ರಿಂದ ಗಾಡಿಗಳು ಯೆಜ್ದಿ ಎಂಬ ಹೆಸರಿನಲ್ಲಿ ಹೊರಬರತೊಡಗಿದವು. ರೋಡ್‌ಕಿಂಗ್ ಎಂಬ ಮಾದರಿಯನ್ನು ಇಂದಿಗೂ ನೆನೆಯುವವರು ಬಹಳ ಮಂದಿ. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಜಾವಾ ಹೆಸರಿನ ಹೊಸ ಗಾಡಿಗಳು 2018ರಲ್ಲಿಯೂ ಯೆಜ್ದಿ ಹೆಸರಿನವು 2022ರಲ್ಲಿಯೂ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಅವು ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗುವ ಎಂಜಿನ್ನಿನ ಗಾಡಿಗಳು. ಅವುಗಳ ಬಿಡಿಭಾಗ ನಮ್ಮ ಹಳೆಯ ಗಾಡಿಗಳಿಗೆ ಒಪ್ಪುವುದಿಲ್ಲ. ಹೀಗಾಗಿ ಹಳೆಯ ಜಾವಾಕ್ಕೆ ಸೈಲೆನ್ಸರ್ ಬೇಕೆಂದರೆ ಮೂರೇ ದಾರಿ. ಯಾವುದೋ ಹಳೆಯ ಅಂಗಡಿಯ ಅಟ್ಟದ ಮೇಲೆ ಮಾರಾಟವಾಗದೆ ಉಳಿದ ಮೂಲ ತಯಾರಿಕೆಯ ಜೊತೆಯೊಂದು ದೊರೆಯಬೇಕು. ಇಲ್ಲವೇ ಇರುವುದಕ್ಕೇ ತಗಡು ಬೆಸೆದು ತೇಪೆ ಹಾಕಿಸಬೇಕು. ಅದೂ ಆಗದಿದ್ದರೆ ಸಣ್ಣ ಕಾರ್ಖಾನೆಗಳು ತಯಾರಿಸಿ ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕರೋಲ್ ಬಾಗ್ ಮೊದಲಾದ ಕಡೆ ಮಾರುವ ಹೊರಗಿನ ಸೈಲೆನ್ಸರನ್ನು ಕೊಳ್ಳಬೇಕು. ಮೊದಲನೆಯದು ದುರ್ಲಭ. ತೆಳುವಾದ ತುಕ್ಕು ತಗಡಿನ ಮೇಲೆ ಬೆಸುಗೆ ನಿಲ್ಲದಾದುದರಿಂದ ಎರಡನೆಯದು ತಾತ್ಕಾಲಿಕ. ಆದಕಾರಣ ಬಹುಪಾಲು ಮಂದಿ ಮೂರನೆಯ ದಾರಿಯನ್ನೇ ಹಿಡಿಯುತ್ತಾರೆ. ನಾವೂ ಹಿಡಿದೆವು. ಎಡವಿದ್ದು ಅಲ್ಲಿಯೇ.

ಮೊದಲು ಮಾಡಿದ ತಪ್ಪು

ಯುವಕನಿಗೆ ಆತುರ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ದಿ ಅಭಿಮಾನಿಗಳು ಊರೂರುಗಳಲ್ಲಿ ಒಟ್ಟುಗೂಡುವ ರೂಢಿಯುಂಟು. ಮುಂದಿನ ಸಲ ತಾನೂ ತಾತನ ಗಾಡಿಯಲ್ಲಿ ಹೋಗಬೇಕೆಂಬುದು ಅವನ ಹಂಬಲ. ಯಾವುದೋ ಅಂಗಡಿಯಿಂದ ಕಡಿಮೆ ಬೆಲೆಗೆ ಎರಡು ಥಳಥಳಿಸುವ ಸೈಲೆನ್ಸರುಗಳನ್ನು ತಂದ. ನೋಡಲು ಬಹಳ ಅಂದವಾಗಿದ್ದವು. ಆದರೆ ಒಂದು ತುದಿಯಿಂದ ಕಣ್ಣಿಟ್ಟರೆ ಇನ್ನೊಂದು ತುದಿಯ ಬೆಳಕು ನೇರವಾಗಿ ಕಾಣುತ್ತಿತ್ತು. ಒಳಗೆ ಶಬ್ದವನ್ನು ತಡೆಯುವ ತಟ್ಟೆಗಳಾಗಲಿ, ರಂಧ್ರಗಳುಳ್ಳ ಒಳಗೊಳವೆಯಾಗಲಿ ಏನೂ ಇರಲಿಲ್ಲ. "ಇದರಿಂದ ಗಾಡಿಯ ಪವರ್ ಹೆಚ್ಚುತ್ತದಂತೆ" ಎಂದು ಅವನು ಹೇಳಿದ. ನಾವೂ ನಂಬಿದೆವು.

ಒಂದು ಸಂಜೆ ಅದನ್ನು ಜೋಡಿಸಿ ಕಿಕ್ ಹೊಡೆದಾಗ ನಮ್ಮ ಬೀದಿಯ ಕಿಟಕಿಗಳೆಲ್ಲ ನಡುಗಿದವು. ಎದುರುಮನೆಯಲ್ಲಿ ಎಂಬತ್ತು ದಾಟಿದ ಹಿರಿಯ ತಾಯಿಯೊಬ್ಬರಿದ್ದಾರೆ. ಹೃದಯದ ತೊಂದರೆಯಿಂದಾಗಿ ಮುಂದಿನ ಕೋಣೆಯಲ್ಲೇ ಮಲಗಿರುತ್ತಾರೆ. ಅವರ ಮಗಳು ಹೊರಗೆ ಬಂದು ಏನೂ ಹೇಳದೆ ಕಿಟಕಿಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಕೊಂಡರು. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಪವರ್ ಹೆಚ್ಚಲಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ಸಣ್ಣ ಏರಿನಲ್ಲೇ ಗಾಡಿ ಏದುಸಿರು ಬಿಡುತ್ತಿತ್ತು. ಮೂರನೆಯ ದಿನ ನಂಜನಗೂಡಿನ ರಸ್ತೆಯಲ್ಲಿ ವೇಗವಾಗಿ ಹೋಗುತ್ತಿದ್ದಾಗ ಹಿಂದಿನ ಚಕ್ರ ಒಮ್ಮೆಲೇ ಬಿಗಿದುಕೊಂಡಿತು. ಹುಡುಗ ಕ್ಲಚ್ಚನ್ನು ಹಿಡಿದು ಹೇಗೋ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಹಿಂದೆ ಒಂದು ಲಾರಿ ಇದ್ದಿದ್ದರೆ ಈ ಲೇಖನವನ್ನು ಬರೆಯುವ ಮನಸ್ಸು ನಮಗೆ ಇರುತ್ತಿರಲಿಲ್ಲ. ಮೆಕ್ಯಾನಿಕ್ಕುಗಳು ಇದನ್ನೇ ಎಂಜಿನ್ ಸೀಜ್ ಆಯಿತು ಎನ್ನುತ್ತಾರೆ. ಪಿಸ್ಟನ್ ಅತಿಯಾಗಿ ಕಾದು, ಹಿಗ್ಗಿ, ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿತ್ತು.

ಮೇಸ್ತ್ರಿ ಹೇಳಿದ ಮಾತು

ಗಾಡಿಯನ್ನು ಆಟೋದಲ್ಲಿ ಹೇರಿಕೊಂಡು, ಜಾವಾ ಗಾಡಿಗಳನ್ನೇ ನಂಬಿ ಬದುಕಿದ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ ಕೊಂಡೊಯ್ದೆವು. ಅವರು ಎಂಜಿನ್ನಿನ ಕಡೆಗೆ ನೋಡಲೇ ಇಲ್ಲ. ಸೈಲೆನ್ಸರಿನ ಬಾಲದಲ್ಲಿ ಕಣ್ಣಿಟ್ಟು ನೋಡಿ ನಕ್ಕರು. "ಇದೇನ್ ಹೊಗೆ ಬಿಡೋ ಕೊಳಾಯಿ ಅಂದ್ಕೊಂಡ್ರಾ ಸ್ವಾಮಿ? ಟೂ ಸ್ಟ್ರೋಕ್ ಗಾಡೀಲಿ ಸೈಲೆನ್ಸರೂ ಎಂಜಿನ್ನೇ" ಎಂದರು.

ಈ ಒಂದು ಮಾತಿನಲ್ಲಿ ಇಡೀ ವಿಷಯ ಅಡಗಿದೆಯಾದುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಹೊಗೆ ಹೋಗುವ ಬಾಗಿಲನ್ನು ತೆರೆದು ಮುಚ್ಚಲು ಕವಾಟಗಳಿವೆ. ಜಾವಾದಂಥ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಅವಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿದ್ದು, ಮೇಲೆ ಕೆಳಗೆ ಚಲಿಸುವ ಪಿಸ್ಟನ್ನೇ ಅವುಗಳನ್ನು ತೆರೆಯುತ್ತದೆ, ಮುಚ್ಚುತ್ತದೆ. ಪಿಸ್ಟನ್ ಕೆಳಗಿಳಿದಾಗ ಸುಟ್ಟ ಹೊಗೆ ಹೊರಹೋಗುವ ಕಿಂಡಿ ಮೊದಲು ತೆರೆಯುತ್ತದೆ. ಅನಂತರ ಪೆಟ್ರೋಲ್ ಮತ್ತು ಗಾಳಿಯ ಹೊಸ ಮಿಶ್ರಣ ಒಳಬರುವ ಕಿಂಡಿಯೂ ತೆರೆಯುತ್ತದೆ. ಕೆಲವು ಕ್ಷಣ ಎರಡೂ ತೆರೆದೇ ಇರುತ್ತವೆ. ಆ ವೇಳೆಯಲ್ಲಿ ಹೊಸ ಮಿಶ್ರಣದ ಒಂದು ಭಾಗ ಉರಿಯುವ ಮೊದಲೇ ಹೊಗೆಯ ಬೆನ್ನುಹತ್ತಿ ಹೊರಗೆ ಓಡಿಹೋಗಬಹುದು. ಅದನ್ನು ತಡೆದು ಹಿಂದಕ್ಕೆ ಕಳುಹಿಸುವವರು ಯಾರು? ಸೈಲೆನ್ಸರೇ.

ಹೊಗೆ ಒಮ್ಮೆಲೇ ಸಿಡಿದಾಗ ಕೊಳವೆಯೊಳಗೆ ಒತ್ತಡದ ಒಂದು ಅಲೆ ಹೊರಡುತ್ತದೆ. ಕಾದ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಕೊಳವೆ ಅಗಲವಾಗುವಲ್ಲಿ ಆ ಅಲೆಯ ಒಂದು ಪಾಲು ಸೆಳೆತವಾಗಿ ಮರಳಿ, ಉಳಿದ ಹೊಗೆಯನ್ನು ಹೊರಗೆಳೆಯುತ್ತದೆ. ಕೊಳವೆ ಮತ್ತೆ ಕಿರಿದಾಗುವಲ್ಲಿ ಬಡಿದ ಅಲೆ ಒತ್ತಡವಾಗಿಯೇ ಮರಳಿ, ಓಡಿಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತದೆ.

ಇದಕ್ಕಿರುವ ಕಾಲಾವಕಾಶವನ್ನು ಲೆಕ್ಕ ಹಾಕಿ ನೋಡೋಣ. ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 75 ಸುತ್ತಾಯಿತು. ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಹದಿಮೂರು ಪಾಲು ಮಾತ್ರ. ಅದರಲ್ಲಿ ಹೊಗೆಯ ಕಿಂಡಿ ತೆರೆದಿರುವುದು ಅರ್ಧಕ್ಕಿಂತ ಕಡಿಮೆ, ಸುಮಾರು ಆರು ಪಾಲು. ಅಷ್ಟರಲ್ಲಿ ಅಲೆಯು ಹೋಗಿ ಬರುವುದೂ ಸೇರಿ ಮೂರು ಮೀಟರ್ ದೂರ ಸಾಗಬಲ್ಲದು. ಅಂದ ಮೇಲೆ ಕೊಳವೆಯ ಉದ್ದದಲ್ಲಿ ಒಂದು ಗೇಣು ಹೆಚ್ಚುಕಡಿಮೆಯಾದರೂ ಅಲೆ ಮರಳುವ ಹೊತ್ತು ತಪ್ಪಿಹೋಗುತ್ತದೆ ಎಂಬುದು ವಾಚಕರಿಗೆ ಮನವರಿಕೆಯಾದೀತು.

ಈ ವಿದ್ಯೆಯನ್ನು ಶಾಸ್ತ್ರೋಕ್ತವಾಗಿ ಬೆಳೆಸಿದವರು ಪೂರ್ವ ಜರ್ಮನಿಯ ಚೊಪಾವ್ ಎಂಬ ಊರಿನಲ್ಲಿದ್ದ ಎಂ.ಜೆಡ್. ಕಾರ್ಖಾನೆಯ ವಾಲ್ಟರ್ ಕಾಡೆನ್. 1950ರ ದಶಕದಲ್ಲಿ ಅವರು ಕೊಳವೆಯ ಆಕಾರವನ್ನೂ ತಿದ್ದಿ ತಿದ್ದಿ, 1961ರ ಹೊತ್ತಿಗೆ 125 ಸಿ.ಸಿ.ಯ ಪುಟ್ಟ ರೇಸ್ ಎಂಜಿನ್ನಿನಿಂದ 25 ಅಶ್ವಶಕ್ತಿಯನ್ನು ಹೊರತೆಗೆದಿದ್ದರು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ಸ್ಪರ್ಧೆಯ ವೇಳೆ ಪಶ್ಚಿಮಕ್ಕೆ ಓಡಿಹೋಗಿ ಜಪಾನಿನ ಸುಜುಕಿಯನ್ನು ಸೇರಿದರು. ಮರುವರ್ಷವೇ ಸುಜುಕಿ 50 ಸಿ.ಸಿ. ವಿಭಾಗದ ವಿಶ್ವ ಪ್ರಶಸ್ತಿಯನ್ನು ಗೆದ್ದಿತು. ಒಂದು ಕೊಳವೆಯ ರಹಸ್ಯಕ್ಕೆ ಅಷ್ಟು ಬೆಲೆಯಿತ್ತು.

ನಮ್ಮ ಜಾವಾ ರೇಸಿನ ಗಾಡಿಯಲ್ಲ. 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕಿನ 250 ಸಿ.ಸಿ. ಎಂಜಿನ್ನಿನ ಸಾಧು ಸ್ವಭಾವದ ಗಾಡಿ. ಅದರ ಸೈಲೆನ್ಸರ್ ಶಕ್ತಿಗಾಗಿ ತಿದ್ದಿದ್ದಕ್ಕಿಂತ ಶಾಂತಿಗಾಗಿ ತಿದ್ದಿದ್ದು. ಆದರೂ ಅದರ ಉದ್ದ, ಹೊಟ್ಟೆಯ ಗಾತ್ರ, ಬಾಲದ ರಂಧ್ರ, ಕಾರ್ಬ್ಯುರೇಟರಿನ ಜೆಟ್ ಇವೆಲ್ಲ ಒಂದಕ್ಕೊಂದು ಹೊಂದಿಸಿ ಇಟ್ಟಂಥವು. ಬರಿ ಕೊಳವೆಯನ್ನು ಹಾಕಿದಾಗ ತಡೆಯಿಲ್ಲದೆ ಹೊಸ ಮಿಶ್ರಣವೂ ಸೋರಿಹೋಗುತ್ತದೆ. ಇದರಿಂದ ನಿಧಾನ ವೇಗದಲ್ಲಿ ಎಳೆತ ಕುಗ್ಗುತ್ತದೆ. ಹೆಚ್ಚಿನ ವೇಗದಲ್ಲಿ ಗಾಳಿಯ ಪ್ರಮಾಣ ಏರಿ, ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಬೆಂಕಿಯಾಗುತ್ತದೆ. ಸಾಲದ್ದಕ್ಕೆ ಜಾವಾದಲ್ಲಿ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆಯೂ ಬೆರೆತಿರುತ್ತದೆ. ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ಸಿಗುವ ಎಣ್ಣೆಯೂ ಕಡಿಮೆ. ನಂಜನಗೂಡಿನ ರಸ್ತೆಯಲ್ಲಿ ಆದದ್ದು ಇದೇ.

ಸಿಲಿಂಡರನ್ನು ಬೋರ್ ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕಬೇಕಾಯಿತು. ಹಣಕ್ಕಿಂತ ಹೆಚ್ಚಿನ ನಷ್ಟ ಬೇರೆಯಿತ್ತು. ಎರಕದ ಕಬ್ಬಿಣದ ಆ ಸಿಲಿಂಡರನ್ನು ಕೆಲವೇ ಸಲ ಬೋರ್ ಮಾಡಿಸಬಹುದು. ಗೋಡೆ ತೆಳುವಾದ ಮೇಲೆ ಅದರ ಆಯುಸ್ಸು ಮುಗಿಯಿತು. ತಂದೆಯವರು ಅಷ್ಟು ವರ್ಷ ಜೋಪಾನ ಮಾಡಿದ್ದರ ಒಂದು ಪಾಲನ್ನು ನಾವು ಮೂರು ದಿನದಲ್ಲಿ ಕಳೆದಿದ್ದೆವು.

ಅಳೆದು ಕೊಳ್ಳುವ ಕ್ರಮ

ಎರಡನೆಯ ಸಲ ಮೇಸ್ತ್ರಿಯೇ ಮುಂದೆ ನಿಂತರು. ಪುಣ್ಯಕ್ಕೆ ಬಲಗಡೆಯ ಮೂಲ ಸೈಲೆನ್ಸರ್ ತೂತು ಬೀಳದೆ ಉಳಿದಿತ್ತು. ಅದೇ ನಮಗೆ ಅಳತೆಗೋಲಾಯಿತು. ಅದನ್ನು ಅಂಗಡಿಗೇ ಎತ್ತಿಕೊಂಡು ಹೋಗಿ, ಹೊಸದರ ಪಕ್ಕದಲ್ಲಿಟ್ಟು ನಾಲ್ಕು ಸಂಗತಿಗಳನ್ನು ನೋಡಿದೆವು. ಟೇಪು ಹಿಡಿದು ಒಟ್ಟು ಉದ್ದ, ಹೊಟ್ಟೆಯ ಸುತ್ತಳತೆ, ಬಾಲದ ರಂಧ್ರದ ಅಗಲ ಮತ್ತು ಚಾಸಿಗೆ ಬಿಗಿಯುವ ಪಟ್ಟಿಯ ಜಾಗ. ಒಳಗಿನ ತಡೆಗೊಳವೆಯನ್ನು ಹೊರತೆಗೆಯಲು ಬರುವಂಥದನ್ನೇ ಆರಿಸಿದೆವು. ಎಣ್ಣೆ ಬೆರೆತ ಹೊಗೆಯಿಂದ ಒಳಗೆ ಕರಿ ಕಟ್ಟುವುದು ಟೂ ಸ್ಟ್ರೋಕಿನ ಸಹಜ ಗುಣ. ಆಗಾಗ ತೆಗೆದು ತೊಳೆಯಲು ಬಾರದ ಸೈಲೆನ್ಸರ್ ಎರಡು ವರ್ಷದಲ್ಲಿ ಕಟ್ಟಿಕೊಂಡು ಗಾಡಿಯ ಉಸಿರು ಹಿಡಿಯುತ್ತದೆ.

ಮೇಸ್ತ್ರಿಯಿಂದ ಕಲಿತ ಇನ್ನೊಂದು ಉಪಾಯವಿದೆ. ತಡೆಗೊಳವೆಯನ್ನು ತೆಗೆದು ಸೈಲೆನ್ಸರಿನ ಒಂದು ಬಾಯಿಗೆ ಬಿರಡೆ ಬಿಗಿದು, ಲೀಟರಿನ ಅಳತೆಯ ಪಾತ್ರೆಯಿಂದ ನೀರು ತುಂಬಬೇಕು. ಹಳೆಯದು ಎಷ್ಟು ಹಿಡಿಯುತ್ತದೆ, ಹೊಸದು ಎಷ್ಟು ಹಿಡಿಯುತ್ತದೆ ಎಂಬುದು ಆಗ ಸ್ಪಷ್ಟವಾಗುತ್ತದೆ. ನಾವು ನೋಡಿದ ಮೊದಲನೆಯ ಜೊತೆ ಹೊರಗಿನಿಂದ ಮೂಲದಂತೆಯೇ ಕಂಡರೂ ಅರ್ಧ ಲೀಟರಿನಷ್ಟು ಕಡಿಮೆ ಹಿಡಿಯಿತು. ಅದನ್ನು ಬಿಟ್ಟು ಸಮೀಪದ ಅಳತೆಯ ಇನ್ನೊಂದನ್ನು ಕೊಂಡೆವು. ಅಂಗಡಿಯವರು ಮೊದಲು ಗೊಣಗಿದರು, ಆಮೇಲೆ ತಾವೇ ಕುತೂಹಲದಿಂದ ನೀರು ತಂದುಕೊಟ್ಟರು. ಪರೀಕ್ಷೆಯಾದ ಮೇಲೆ ಒಳಗೆ ತೇವ ಉಳಿಯದಂತೆ ಬಿಸಿಲಿನಲ್ಲಿ ಒಣಗಿಸಬೇಕು.

ಒಂದು ಕಡೆ ಹಳೆಯದು, ಒಂದು ಕಡೆ ಹೊಸದು ಹಾಕಿದರೆ ಸಾಲದೇ ಎಂದು ಕೇಳಿದೆವು. ಕೂಡದೆಂದರು. ಜಾವಾಕ್ಕೆ ಸಿಲಿಂಡರ್ ಒಂದೇ ಆದರೂ ಹೊಗೆಗೆ ದಾರಿಗಳು ಎರಡು. ಎರಡರ ತಡೆ ಒಂದೇ ಸಮನಾಗಿರಬೇಕು. ಆದುದರಿಂದ ಜೊತೆಯಾಗಿಯೇ ಬದಲಿಸಿ, ಬಲಗಡೆಯ ಹಳೆಯದನ್ನು ಎಣ್ಣೆ ಸವರಿ ಜೋಪಾನವಾಗಿ ಎತ್ತಿಟ್ಟೆವು.

ಜೋಡಿಸುವ ಕ್ರಮ

ಜಾವಾದಲ್ಲಿ ಹೊಗೆಗೊಳವೆಯನ್ನು ಸಿಲಿಂಡರಿಗೆ ಹಿಡಿದಿಡುವುದು ತಿರುಪುಳ್ಳ ಉಂಗುರದಂಥ ನಟ್ಟು. ಹಲವು ವರ್ಷಗಳ ಕಾವಿನಿಂದ ಅದು ಕಚ್ಚಿಕೊಂಡಿರುತ್ತದೆ. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆಯುವುದು ಅನೇಕರ ಅಭ್ಯಾಸ. ಒಂದು ಪೆಟ್ಟು ತಪ್ಪಿದರೆ ಸಿಲಿಂಡರಿನ ತಿರುಪೇ ಮುರಿಯುತ್ತದೆ, ಅದಕ್ಕೆ ಸುಲಭದ ಪರಿಹಾರವಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಸಿಟ್ಟು, ಬೆಳಿಗ್ಗೆ ಅದಕ್ಕೆಂದೇ ಇರುವ ಕೊಕ್ಕೆಯ ಸ್ಪ್ಯಾನರಿನಿಂದ ತಿರುಗಿಸಬೇಕು. ನಮ್ಮ ಗಾಡಿಯಲ್ಲಿ ಎಡಗಡೆಯದು ಎರಡು ರಾತ್ರಿ ನೆನೆದ ಮೇಲೆಯೇ ಬಿಟ್ಟುಕೊಟ್ಟಿತು.

ಕೊಳವೆ ಬಿಚ್ಚಿದಾಗ ಕಿಂಡಿಯ ಸುತ್ತ ಗಟ್ಟಿಯಾದ ಕರಿ ಕಾಣುತ್ತದೆ. ಹೊಸ ಸೈಲೆನ್ಸರ್ ಹಾಕುವ ಮೊದಲು ಅದನ್ನು ಕೆರೆದು ತೆಗೆಯಬೇಕು. ಪಿಸ್ಟನ್ನನ್ನು ಮೇಲಕ್ಕೆ ತಂದು ಕಿಂಡಿ ಮುಚ್ಚಿರುವಂತೆ ಇಟ್ಟುಕೊಂಡರೆ ಕರಿಯ ಚೂರುಗಳು ಒಳಗೆ ಬೀಳುವುದಿಲ್ಲ. ಪಿಸ್ಟನ್ನಿಗೆ ಗೀರು ಬೀಳದಂತೆ ಕಬ್ಬಿಣದ ಬದಲು ಮರದ ಕಡ್ಡಿಯನ್ನು ಬಳಸುವುದು ಲೇಸು. ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಬೇಕು. ಅಲ್ಲಿ ಕೂದಲೆಳೆಯಷ್ಟು ಸೋರಿದರೂ ಎಣ್ಣೆಯ ಕರಿ ಜಿನುಗಿ, ಪಟಪಟ ಎಂಬ ಸದ್ದು ಕೇಳುತ್ತದೆ.

ಬಿಗಿಯುವುದರಲ್ಲಿಯೂ ಒಂದು ಕ್ರಮವಿದೆ. ಮೊದಲು ಎಲ್ಲ ನಟ್ಟುಗಳನ್ನೂ ಕೈಯಿಂದಲೇ ಸಡಿಲವಾಗಿ ಕೂರಿಸಬೇಕು. ಕೊಳವೆ ಮತ್ತು ಸೈಲೆನ್ಸರ್ ತಮ್ಮ ತಮ್ಮ ಜಾಗದಲ್ಲಿ ಸಹಜವಾಗಿ ನಿಂತ ಮೇಲೆ ಸಿಲಿಂಡರಿನ ಕಡೆಯಿಂದ ಬಿಗಿಯುತ್ತಾ ಬಂದು, ಮಧ್ಯದ ಜೋಡಣೆಯನ್ನು ಬಿಗಿದು, ಹಿಂದಿನ ಪಟ್ಟಿಯ ಬೋಲ್ಟನ್ನು ಕಡೆಯಲ್ಲಿ ಬಿಗಿಯಬೇಕು. ಹೊರಗಿನ ತಯಾರಿಕೆಯಲ್ಲಿ ಪಟ್ಟಿಯ ತೂತು ಅರ್ಧ ಬೆರಳು ಆಚೀಚೆ ಇರುವುದು ಸಾಮಾನ್ಯ. ನಮ್ಮದರಲ್ಲಿಯೂ ಹಾಗೆಯೇ ಇತ್ತು. ಹುಡುಗ ಸೈಲೆನ್ಸರನ್ನು ಎಳೆದು ಹಿಡಿದು ಬೋಲ್ಟ್ ತೂರಿಸಲು ಹೊರಟಾಗ ಮೇಸ್ತ್ರಿ ಅವನ ಕೈ ಹಿಡಿದರು. "ಎಳ್ದು ಕಟ್ಟಿದ್ದು ನಿಲ್ಲಲ್ಲ ಮಗಾ, ಅಲುಗಾಟಕ್ಕೆ ಎಲ್ಲೋ ಒಂದ್ ಕಡೆ ಸೀಳ್ಕೊಳ್ಳುತ್ತೆ" ಎಂದರು. ತೂತನ್ನು ಅರದಿಂದ ಉಜ್ಜಿ ಉದ್ದ ಮಾಡಿ, ಒಂದು ವಾಷರ್ ಸೇರಿಸಿ ಸರಿಪಡಿಸಿದರು. ಕೆಲಸ ಕಾಲು ಗಂಟೆ ಹೆಚ್ಚಾಯಿತು, ಅಷ್ಟೆ.

ಗಾಡಿ ಚಾಲೂ ಮಾಡುವ ಮೊದಲು ಕ್ರೋಮಿನ ಮೇಲಿನ ಬೆರಳಿನ ಗುರುತು, ಎಣ್ಣೆಯ ಕಲೆಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಮೊದಲ ಕಾವಿಗೆ ಅವು ಸುಟ್ಟು ಅಂಟಿಕೊಂಡರೆ ಮತ್ತೆ ಹೋಗುವುದಿಲ್ಲ. ಒಮ್ಮೆ ಕಾದು ಆರಿದ ಮೇಲೆ ಉಂಗುರ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಸುಮಾರು ನೂರು ಕಿಲೋಮೀಟರ್ ಓಡಿಸಿದ ಮೇಲೆ ಇನ್ನೊಮ್ಮೆ.

ಕಡೆಯದಾಗಿ ಪ್ಲಗ್ಗಿನ ಪರೀಕ್ಷೆ. ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಿಸಿ, ಎಂಜಿನ್ ನಿಲ್ಲಿಸಿ, ಪ್ಲಗ್ಗನ್ನು ಬಿಚ್ಚಿ ಅದರ ತುದಿಯ ಬಣ್ಣವನ್ನು ನೋಡಬೇಕು. ಬಿಸ್ಕತ್ತಿನಂತೆ ತಿಳಿಗಂದು ಬಣ್ಣವಿದ್ದರೆ ಮಿಶ್ರಣ ಸರಿಯಾಗಿದೆ. ಕಪ್ಪಾಗಿ ಜಿಡ್ಡು ಜಿಡ್ಡಾಗಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬಿಳುಚಿದ್ದರೆ ಅಪಾಯ. ಆಗ ಕಾರ್ಬ್ಯುರೇಟರಿನ ಮುಖ್ಯ ಜೆಟ್ಟನ್ನು ಒಂದು ಸಂಖ್ಯೆ ದೊಡ್ಡದಕ್ಕೆ ಬದಲಿಸಬೇಕು. ನಮ್ಮ ಪ್ಲಗ್ಗು ಮೊದಲು ತುಸು ಬಿಳುಚಿಯೇ ಬಂದಿತು. ಜೆಟ್ಟನ್ನು ಬದಲಿಸಿದ ಮೇಲೆ ಬಣ್ಣ ಸರಿಹೋಯಿತು. ಮೊದಲನೆಯ ಸಲವೂ ಪ್ಲಗ್ಗು ಬಿಳುಪಾಗಿಯೇ ಇದ್ದಿರಬೇಕು. ನೋಡುವ ತಾಳ್ಮೆ ನಮಗಿರಲಿಲ್ಲ.

ಕಾಯಿದೆಯೂ ನೆರೆಹೊರೆಯೂ

ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮದ ಪ್ರಕಾರ ಪ್ರತಿಯೊಂದು ವಾಹನದಲ್ಲಿಯೂ ಹೊಗೆಯ ಶಬ್ದವನ್ನು ಸಾಧ್ಯವಾದಷ್ಟು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದ ವಾಹನವನ್ನು ಓಡಿಸಿದರೆ, 2019ರ ತಿದ್ದುಪಡಿಯ ಅನಂತರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ, ಹತ್ತು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಲೈಸೆನ್ಸಿಗೂ ಮೂರು ತಿಂಗಳ ತಡೆ ಬೀಳುತ್ತದೆ. ಇಂಥ ಸೈಲೆನ್ಸರುಗಳನ್ನು ಕಿತ್ತು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಹಾಯಿಸಿದ ಸುದ್ದಿ, ಚಿತ್ರಗಳನ್ನು ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿಯೂ ವಾಚಕರು ನೋಡಿರಬಹುದು. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಬೀದಿಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಇಟ್ಟಿವೆ. ಈ ಲೆಕ್ಕ ಏಣಿಯ ಮೆಟ್ಟಿಲಿನಂತಲ್ಲ. ಹತ್ತು ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಎರಡು ಪಟ್ಟಿನಂತೆ ತೋರುತ್ತದೆ.

ಐವತ್ತು ವರ್ಷ ದಾಟಿದ ಗಾಡಿಗಳ ಒಡೆಯರು ಇನ್ನೂ ಒಂದು ವಿಷಯವನ್ನು ತಿಳಿದಿರಬೇಕು. 2021ರಲ್ಲಿ ಬಂದ ನಿಯಮದಂತೆ ಅವುಗಳನ್ನು ವಿಂಟೇಜ್ ವಾಹನವೆಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶವಿದೆ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಇರಕೂಡದು. ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವಕ್ಕಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಮ್ಮದನ್ನು ನಾವು ಆ ಪಟ್ಟಿಗೆ ಸೇರಿಸಿಲ್ಲ. ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದೆಂದು ತೀರ್ಮಾನಿಸಿದ್ದೇವೆ. ಯಾವ ದಾರಿಯಾದರೂ ಮೂಲದ ಆಕಾರಕ್ಕೆ ಹತ್ತಿರವಾದ ಸೈಲೆನ್ಸರೇ ಕ್ಷೇಮ.

ಕಾಯಿದೆಯ ಮಾತು ಹಾಗಿರಲಿ. ಎರಡನೆಯ ಸಲ ಗಾಡಿಯನ್ನು ಮನೆಗೆ ತಂದ ಸಂಜೆ ನಾವೂ ನಮ್ಮ ಅಣ್ಣನ ಮಗನೂ ಎದುರುಮನೆಗೆ ಹೋಗಿ ಹಿಂದಿನ ಗದ್ದಲಕ್ಕಾಗಿ ಕ್ಷಮೆ ಕೇಳಿದೆವು. ಗಾಡಿಯನ್ನು ಚಾಲೂ ಮಾಡಿ ನೋಡಬಹುದೇ ಎಂದು ಅನುಮತಿಯನ್ನೂ ಬೇಡಿದೆವು. ಹುಡುಗ ಗೇಟಿನ ಹೊರಗೆ ನಿಂತು ಕಿಕ್ ಹೊಡೆದ. ಜಾವಾದಲ್ಲಿ ಕಿಕ್ಕರ್ ಮತ್ತು ಗೇರಿನ ಲಿವರ್ ಒಂದೇ. ಅದನ್ನು ಹಿಂದಕ್ಕೆ ಮಡಿಸಿ ಒದೆಯುವ ರೀತಿಯನ್ನು ಅವನು ತಾತನಿಂದಲೇ ಕಲಿತಿದ್ದ. ಎರಡನೆಯ ಒದೆತಕ್ಕೆ ಎಂಜಿನ್ ಎದ್ದಿತು. ತಗ್ಗಿದ ದನಿಯಲ್ಲಿ, ಒಂದೇ ಲಯದಲ್ಲಿ ಡುಗುಡುಗು ಎನ್ನತೊಡಗಿತು.

ಒಳಗಿನ ಕೋಣೆಯಲ್ಲಿ ಮಲಗಿದ್ದ ಆ ತಾಯಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. "ನಿಮ್ಮಪ್ಪ ಡ್ಯೂಟಿಯಿಂದ ಬಂದ ಹಾಗಾಯ್ತಲ್ಲಪ್ಪ" ಎಂದರು. ತಂದೆಯವರು ರಾತ್ರಿ ಪಾಳಿ ಮುಗಿಸಿ ಬರುವಾಗ ಬೀದಿಯ ತಿರುವಿನಲ್ಲೇ ಎಂಜಿನ್ ನಿಲ್ಲಿಸಿ, ಮಲಗಿದವರಿಗೆ ತೊಂದರೆಯಾಗದಂತೆ ಗಾಡಿಯನ್ನು ತಳ್ಳಿಕೊಂಡು ಬರುತ್ತಿದ್ದರೆಂಬ ಸಂಗತಿಯನ್ನೂ ಅವರೇ ಹೇಳಿದರು. ನಮಗೆ ಅದು ಗೊತ್ತಿರಲಿಲ್ಲ. ನಾವು ಆ ಹೊತ್ತಿನಲ್ಲಿ ನಿದ್ದೆಯಲ್ಲಿರುತ್ತಿದ್ದೆವು.

ಹಿರಿಯರ ಗಾಡಿಯನ್ನು ಮತ್ತೆ ಓಡಿಸಬೇಕೆಂಬ ಯುವಕರ ಆಸೆ ಒಳ್ಳೆಯದೇ. ಅದಕ್ಕೆ ನಾವು ಅಡ್ಡಿ ಬರಬಾರದು. ಆದರೆ ಹೊಸ ಸೈಲೆನ್ಸರ್ ಕೊಳ್ಳುವ ಮೊದಲು ಹಳೆಯದನ್ನು ಎಸೆಯಬೇಡಿರಿ, ಅದೇ ನಿಮ್ಮ ಅಳತೆಗೋಲು. ಕಣ್ಣಿಟ್ಟರೆ ಆಚೆಯ ಬೆಳಕು ಕಾಣುವ ಕೊಳವೆಯನ್ನು ಕೊಳ್ಳಬೇಡಿರಿ. ಜೋಡಿಸಿದ ಮೇಲೆ ಪ್ಲಗ್ಗನ್ನು ನೋಡಲು ಮರೆಯಬೇಡಿರಿ. ನಮ್ಮ ಅಣ್ಣನ ಮಗ ಈಗ ರಾತ್ರಿ ತಡವಾಗಿ ಬಂದರೆ ಬೀದಿಯ ತಿರುವಿನಿಂದ ಗಾಡಿಯನ್ನು ತಳ್ಳಿಕೊಂಡೇ ಬರುತ್ತಾನೆ. ಹಾಗೆ ಮಾಡೆಂದು ಅವನಿಗೆ ನಾವು ಯಾರೂ ಹೇಳಲಿಲ್ಲ.